ವಿದ್ಯುತ್ ಬೈಕ್: ಕೊಳ್ಳುವ ಮುನ್ನ ಕಿಲೋಮೀಟರ್ ಎಣಿಸಿರಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರಿಗೆ ಒಂದು ಲೆಕ್ಕಾಚಾರ

ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ರಾಯಚೂರು ಜಿಲ್ಲೆಯ ಮೂರು ವ್ಯಾಪಾರಿ ಊರುಗಳು ಸಾಲಾಗಿ ಬರುತ್ತವೆ. ಉತ್ತರಕ್ಕೆ ಹಟ್ಟಿ ಚಿನ್ನದ ಗಣಿಯನ್ನು ತನ್ನ ತಾಲ್ಲೂಕಿನಲ್ಲಿಟ್ಟುಕೊಂಡಿರುವ ಲಿಂಗಸುಗೂರು. ನಡುವೆ ಅಶೋಕನ ಶಾಸನದಿಂದ ಪ್ರಸಿದ್ಧವಾದ ಮಸ್ಕಿ. ದಕ್ಷಿಣಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವೆನಿಸಿರುವ ಸಿಂಧನೂರು. ಲಿಂಗಸುಗೂರಿನಿಂದ ಸಿಂಧನೂರಿಗೆ ಸುಮಾರು 55 ಕಿ.ಮೀ. ಮಸ್ಕಿ ಹೆಚ್ಚುಕಡಿಮೆ ಅದರ ಅರ್ಧದಾರಿಯಲ್ಲಿದೆ.

ಈ ಭಾಗದ ವ್ಯಾಪಾರವು ಬಹುಮಟ್ಟಿಗೆ ದ್ವಿಚಕ್ರ ವಾಹನದ ಮೇಲೆಯೇ ನಡೆಯುತ್ತದೆ. ಅಕ್ಕಿ ಗಿರಣಿಯ ನಮೂನೆ ಚೀಲವನ್ನು ದಲಾಲರಿಗೆ ತೋರಿಸುವುದು, ಗೊಬ್ಬರ ಮತ್ತು ಕ್ರಿಮಿನಾಶಕದ ಉದ್ರಿಯನ್ನು ಕ್ಯಾಂಪುಗಳಲ್ಲಿ ವಸೂಲಿ ಮಾಡುವುದು, ಟ್ರ್ಯಾಕ್ಟರಿನ ಬಿಡಿಭಾಗವನ್ನು ಹೊಲದ ಬದಿಗೆ ಮುಟ್ಟಿಸುವುದು, ಬ್ಯಾಂಕು, ಎ.ಪಿ.ಎಂ.ಸಿ., ತಹಸೀಲ್ದಾರ ಕಚೇರಿ ಎಂದು ಸುತ್ತುವುದು, ಎಲ್ಲಕ್ಕೂ ಗಾಡಿಯೇ ಆಧಾರ. ಪೆಟ್ರೋಲ್ ಬೆಲೆ ಲೀಟರಿಗೆ ನೂರು ರೂಪಾಯಿಯನ್ನು ದಾಟಿದ ಮೇಲೆ ವಿದ್ಯುತ್ ಬೈಕ್ ಮತ್ತು ಸ್ಕೂಟರುಗಳ ಕಡೆಗೆ ವರ್ತಕರ ಕಣ್ಣು ಹರಿದಿರುವುದು ಸಹಜವೇ ಆಗಿದೆ. ಆದರೆ ಮಾರಾಟಗಾರರು ಹೇಳುವ ಉಳಿತಾಯದ ಲೆಕ್ಕ ಎಲ್ಲರಿಗೂ ಒಂದೇ ಬಗೆಯಾಗಿ ಹೊಂದುವುದಿಲ್ಲ. ಅದೇ ಗಾಡಿ ಒಬ್ಬನಿಗೆ ಒಂದೂವರೆ ವರ್ಷದಲ್ಲಿ ಹೆಚ್ಚುವರಿ ಬಂಡವಾಳವನ್ನು ಮರಳಿಸಿದರೆ ಮತ್ತೊಬ್ಬನಿಗೆ ಒಂಬತ್ತು ವರ್ಷವಾದರೂ ಮರಳಿಸದು. ವ್ಯತ್ಯಾಸವಿರುವುದು ದಿನಕ್ಕೆ ಓಡುವ ಕಿಲೋಮೀಟರುಗಳಲ್ಲಿ. ಹೊಸದಾಗಿ ಕೊಳ್ಳುವವರು ತಿಳಿಯಬೇಕಾದ ಸಂಗತಿಗಳನ್ನು ಈ ಹಿನ್ನೆಲೆಯಲ್ಲಿ ಇಲ್ಲಿ ವಿವರಿಸಲಾಗಿದೆ.

ಎರಡು ಬಗೆಯ ಗಾಡಿಗಳು

ಮಾರುಕಟ್ಟೆಯಲ್ಲಿ ದೊರೆಯುವ ವಿದ್ಯುತ್ ದ್ವಿಚಕ್ರ ವಾಹನಗಳನ್ನು ಕಾನೂನಿನ ದೃಷ್ಟಿಯಿಂದ ಎರಡಾಗಿ ವಿಂಗಡಿಸಬಹುದು. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಮತ್ತು ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರವಿರುವ ಗಾಡಿಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಅದಕ್ಕೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಇದಕ್ಕೆ ಮೇಲ್ಪಟ್ಟ ಎಲ್ಲ ಗಾಡಿಗಳಿಗೂ ನೋಂದಣಿ, ಪರವಾನಗಿ, ವಿಮೆ ಮೂರೂ ಕಡ್ಡಾಯ. ಅಂಥ ಖಾಸಗಿ ಗಾಡಿಗೆ ಹಸಿರು ಫಲಕದ ಮೇಲೆ ಬಿಳಿಯ ಅಕ್ಷರಗಳ ಸಂಖ್ಯೆ ದೊರೆಯುತ್ತದೆ.

ಮೊದಲ ಬಗೆಯ ಗಾಡಿಯ ಬೆಲೆ ಕಡಿಮೆಯಾದುದರಿಂದ ಹೊಸಬರು ಅದರತ್ತ ಆಕರ್ಷಿತರಾಗುತ್ತಾರೆ. ಊರೊಳಗಿನ ಓಡಾಟಕ್ಕೆ ಅದು ಸಾಕಾಗಬಹುದು. ಆದರೆ ಭತ್ತದ ಲಾರಿಗಳು, ಬಸ್ಸುಗಳು, ಟ್ರ್ಯಾಕ್ಟರುಗಳು ಬಿಡುವಿಲ್ಲದೆ ಓಡಾಡುವ ಹೆದ್ದಾರಿಯ ಮೇಲೆ 25 ಕಿ.ಮೀ. ವೇಗದಲ್ಲಿ ಸಾಗುವುದು ಅಪಾಯಕಾರಿ. ಅಲ್ಲದೆ ಅಗ್ಗದ ಗಾಡಿಗಳಲ್ಲಿ ಅನೇಕವು ಸೀಸ-ಆಮ್ಲದ ಬ್ಯಾಟರಿಯನ್ನು ಹೊಂದಿರುತ್ತವೆ. ಈ ಬ್ಯಾಟರಿ ಭಾರವಾದುದು. ದಿನನಿತ್ಯದ ದುಡಿಮೆಯಲ್ಲಿ ಎರಡು ವರ್ಷ ಬಾಳುವುದೇ ಕಷ್ಟ. ಲಿಥಿಯಂ ಬ್ಯಾಟರಿಗೆ ಬೆಲೆ ಹೆಚ್ಚಾದರೂ ಅದರ ಆಯುಷ್ಯ ಹಲವು ಪಟ್ಟು ಹೆಚ್ಚು.

ಇನ್ನೊಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. "ನೋಂದಣಿ ಬೇಡ, ಲೈಸೆನ್ಸ್ ಬೇಡ, ವೇಗ ಮಾತ್ರ ಐವತ್ತರವರೆಗೆ ಬರುತ್ತದೆ" ಎಂದು ಯಾರಾದರೂ ಹೇಳಿದರೆ ಅದು ಕಾನೂನಿಗೆ ವಿರುದ್ಧವಾದ ಮಾರಾಟವೆಂದು ತಿಳಿಯಬೇಕು. ವೇಗದ ಮಿತಿಯನ್ನು ತೆಗೆದುಹಾಕಿದ ಗಾಡಿಯು ನೋಂದಣಿಯಿಲ್ಲದ ಮೋಟಾರು ವಾಹನವಾಗುತ್ತದೆ. ಅಪಘಾತವಾದ ದಿನ ವಿಮೆಯ ರಕ್ಷಣೆ ಇರುವುದಿಲ್ಲ. ಎದುರಿನವರಿಗೆ ಪರಿಹಾರ ಕೊಡುವ ಹೊಣೆ ಮಾಲೀಕನ ತಲೆಯ ಮೇಲೆಯೇ ಬೀಳುತ್ತದೆ. ಅಂಗಡಿಯ ಆಳು ಆ ಗಾಡಿಯನ್ನು ಓಡಿಸುತ್ತಿದ್ದರೆ ಸಾಹುಕಾರನ ಸಂಕಷ್ಟ ಇನ್ನೂ ಹೆಚ್ಚು.

ಖರ್ಚಿನ ಲೆಕ್ಕ

ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್-ಗಂಟೆಯಲ್ಲಿ ಹೇಳುತ್ತಾರೆ. ವಿದ್ಯುತ್ ಬಿಲ್ಲಿನಲ್ಲಿ ಬರುವ 'ಯೂನಿಟ್' ಎಂಬುದೂ ಇದೇ ಆಗಿದೆ. ಆದ್ದರಿಂದ 3 ಯೂನಿಟ್ ಬ್ಯಾಟರಿ ಎಂದರೆ 3 ಯೂನಿಟ್ ಕರೆಂಟು ಹಿಡಿಯುವ ಪಾತ್ರೆ ಎಂದು ತಿಳಿದರೆ ಲೆಕ್ಕ ಸುಲಭವಾಗುತ್ತದೆ. ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವ ನಷ್ಟವನ್ನೂ ಸೇರಿಸಿದರೆ ಅದನ್ನು ತುಂಬಲು ಮೀಟರಿನಲ್ಲಿ ಸುಮಾರು 3.4 ಯೂನಿಟ್ ಓಡುತ್ತದೆ. ತೆರಿಗೆ ಮತ್ತು ಮೇಲ್ತೆರಿಗೆ ಸೇರಿ ಯೂನಿಟ್ಟಿಗೆ 7 ರೂ. ಎಂದು ಹಿಡಿದರೆ ಒಂದು ಪೂರ್ಣ ಚಾರ್ಜಿಗೆ 24 ರೂ. ಇಂತಹ ಗಾಡಿ ನಿಜವಾಗಿ ಓಡುವ ದೂರ 85 ಕಿ.ಮೀ. ಎಂದಿಟ್ಟುಕೊಂಡರೆ ಕಿ.ಮೀ.ಗೆ 28ರಿಂದ 30 ಪೈಸೆ ಬೀಳುತ್ತದೆ.

ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕಿ.ಮೀ. ಕೊಡುತ್ತದೆ, ಪೆಟ್ರೋಲಿಗೆ ಲೆಕ್ಕದ ಸೌಕರ್ಯಕ್ಕಾಗಿ ಸರಿಯಾಗಿ 100 ರೂ. ಎಂದುಕೊಂಡರೆ ಕಿ.ಮೀ.ಗೆ 2 ರೂ. 20 ಪೈಸೆ ಆಗುತ್ತದೆ. ಅಂದರೆ ಇಂಧನದಲ್ಲಿ ಕಿ.ಮೀ.ಗೆ 1 ರೂ. 90 ಪೈಸೆ ಉಳಿತಾಯ. ಮಾರಾಟಗಾರರ ಲೆಕ್ಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ.

ಆದರೆ ವರ್ತಕನ ಲೆಕ್ಕ ಇಲ್ಲಿಗೆ ನಿಲ್ಲಕೂಡದು. ಯಂತ್ರಕ್ಕೆ ಸವಕಳಿಯನ್ನು ಹಿಡಿಯುವಂತೆ ಬ್ಯಾಟರಿಗೂ ಸವಕಳಿಯನ್ನು ಹಿಡಿಯಬೇಕು. ಹೊಸ ಬ್ಯಾಟರಿಗೆ 50,000 ರೂ. ಬೇಕಾಗಬಹುದು, ಅದು 60,000 ಕಿ.ಮೀ. ಓಡುತ್ತದೆ ಎಂದುಕೊಂಡರೆ ಕಿ.ಮೀ.ಗೆ ಸುಮಾರು 80 ಪೈಸೆಯನ್ನು ಬೇರೆ ತೆಗೆದಿಡಬೇಕು. ಉಳಿಯುವ ನಿವ್ವಳ ಲಾಭ ಕಿ.ಮೀ.ಗೆ 1 ರೂ. 10 ಪೈಸೆ. ಪೆಟ್ರೋಲ್ ಗಾಡಿಗಿಂತ ವಿದ್ಯುತ್ ಗಾಡಿಗೆ 30,000 ರೂ. ಹೆಚ್ಚು ಕೊಡಬೇಕಾಯಿತು, ವರ್ಷಕ್ಕೆ 300 ದಿನ ಗಾಡಿ ಓಡುತ್ತದೆ ಎಂದಿಟ್ಟುಕೊಂಡು ಮೂವರು ವರ್ತಕರ ಸ್ಥಿತಿಯನ್ನು ನೋಡಬಹುದು.

1. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಬ್ಯಾಂಕಿಗೆ ಎಂದು ದಿನಕ್ಕೆ 10 ಕಿ.ಮೀ. ಓಡುವವರು: ವರ್ಷಕ್ಕೆ 3,000 ಕಿ.ಮೀ.; ಉಳಿತಾಯ 3,300 ರೂ.; ಹೆಚ್ಚುವರಿ ಬಂಡವಾಳ ಮರಳಲು 9 ವರ್ಷ.

2. ಊರು ಮತ್ತು ಸುತ್ತಲಿನ ಕ್ಯಾಂಪುಗಳನ್ನು ಸುತ್ತುತ್ತ ದಿನಕ್ಕೆ 30 ಕಿ.ಮೀ. ಓಡುವವರು: ವರ್ಷಕ್ಕೆ 9,000 ಕಿ.ಮೀ.; ಉಳಿತಾಯ 9,900 ರೂ.; ಬಂಡವಾಳ ಮರಳಲು 3 ವರ್ಷ.

3. ಸಿಂಧನೂರಿನಿಂದ ಮಸ್ಕಿಗೆ ದಿನವೂ ಹೋಗಿ ಬರುತ್ತ, ಊರಿನ ಓಡಾಟವೂ ಸೇರಿ 60 ಕಿ.ಮೀ. ಓಡುವವರು: ವರ್ಷಕ್ಕೆ 18,000 ಕಿ.ಮೀ.; ಉಳಿತಾಯ 19,800 ರೂ.; ಬಂಡವಾಳ ಮರಳಲು ಒಂದೂವರೆ ವರ್ಷ.

ಮೊದಲನೆಯವರು ಈ ಹೆಚ್ಚುವರಿ 30,000 ರೂ.ಗಳನ್ನು ಶೇ. 12ರ ಬಡ್ಡಿಗೆ ಸಾಲವಾಗಿ ಪಡೆದಿದ್ದರೆ ಮೊದಲ ವರ್ಷದ ಬಡ್ಡಿಯೇ 3,600 ರೂ. ಆಗುತ್ತದೆ, ಉಳಿತಾಯ ಅದಕ್ಕಿಂತಲೂ ಕಡಿಮೆ. ಬ್ಯಾಟರಿಯು ಓಟದಿಂದ ಮಾತ್ರವಲ್ಲದೆ ವಯಸ್ಸಿನಿಂದಲೂ ಸವೆಯುತ್ತದೆ. ಆದಕಾರಣ ಕಡಿಮೆ ಓಡಿಸುವವರ ಬ್ಯಾಟರಿ 60,000 ಕಿ.ಮೀ. ಮುಟ್ಟುವ ಮೊದಲೇ ಮುಪ್ಪಾಗುವ ಸಂಭವವೂ ಇದೆ. "ನಾವು ಊರಲ್ಲೇ ಸ್ವಲ್ಪ ಓಡಾಡುವವರು, ನಮಗೆ ಕರೆಂಟಿನ ಗಾಡಿಯೇ ಸರಿ" ಎಂಬ ಸಾಮಾನ್ಯ ನಂಬಿಕೆಗೆ ಲೆಕ್ಕದ ಪುಸ್ತಕ ಒಪ್ಪುವುದಿಲ್ಲ. ಹೆಚ್ಚು ಓಡಿಸಿದವನಿಗೇ ಹೆಚ್ಚು ಲಾಭ.

ಎಂಜಿನ್ ಆಯಿಲ್, ಪ್ಲಗ್, ಏರ್ ಫಿಲ್ಟರ್ ಮುಂತಾದವುಗಳ ಖರ್ಚು ವಿದ್ಯುತ್ ಗಾಡಿಗೆ ಇಲ್ಲವೆಂಬುದು ನಿಜ. ಟಯರು, ಬ್ರೇಕು, ಬೇರಿಂಗು, ಸಸ್ಪೆನ್ಷನ್ನುಗಳ ಖರ್ಚು ಎರಡಕ್ಕೂ ಸಮಾನ. ಇದರ ಎದುರಿಗೆ, ಹಳೆಯ ವಿದ್ಯುತ್ ಗಾಡಿಯನ್ನು ಮಾರುವಾಗ ಪೆಟ್ರೋಲ್ ಗಾಡಿಯಷ್ಟು ಖಚಿತವಾದ ಬೆಲೆ ದೊರೆಯುವುದಿಲ್ಲ ಎಂಬುದನ್ನೂ ಇಡಬೇಕು. ಕೊಳ್ಳುವವನು ಬ್ಯಾಟರಿಯ ಆಯುಷ್ಯವನ್ನು ನೋಡಿಯೇ ಬೆಲೆ ಕಟ್ಟುತ್ತಾನೆ.

ದೂರದ ಲೆಕ್ಕ

ಹೆಚ್ಚು ಓಡಿಸಿದರೆ ಹೆಚ್ಚು ಲಾಭ ಎಂದಾದರೆ ಸಿಂಧನೂರಿನಿಂದ ಲಿಂಗಸುಗೂರಿಗೆ ದಿನವೂ ಓಡಾಡುವವರಿಗೆ ಎಲ್ಲಕ್ಕಿಂತ ಹೆಚ್ಚು ಲಾಭವಾಗಬೇಕಲ್ಲವೆ? ಇಲ್ಲಿ ಬ್ಯಾಟರಿಯ ಮಿತಿ ಅಡ್ಡ ಬರುತ್ತದೆ.

ಜಾಹೀರಾತಿನಲ್ಲಿ ಕಾಣುವ ದೂರವು ಪರೀಕ್ಷಾ ಸಂಸ್ಥೆಯಲ್ಲಿ ನಿಗದಿತ ಕ್ರಮದಲ್ಲಿ ಓಡಿಸಿ ಅಳೆದ ದೂರ. ಹೆದ್ದಾರಿಯ ವೇಗ, ಎದುರುಗಾಳಿ, ಹಿಂದೆ ಕುಳಿತವರು, ಮುಂದೆ ಇಟ್ಟ 25 ಕಿಲೋ ಅಕ್ಕಿಯ ಚೀಲ ಇವೆಲ್ಲ ಸೇರಿದಾಗ ಅದರ ಶೇ. 70ರಷ್ಟು ದೊರೆತರೆ ಸಮಾಧಾನ ಪಟ್ಟುಕೊಳ್ಳಬೇಕು. 120 ಕಿ.ಮೀ. ಎಂದು ಬರೆದ ಗಾಡಿ ಸುಮಾರು 85 ಕಿ.ಮೀ. ಓಡುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದಾಗಿನ ದೂರ 65 ಕಿ.ಮೀ. ವೇಗದಲ್ಲಿ ಹೋದಾಗ ಸಿಗುವುದಿಲ್ಲ. ವೇಗ ಹೆಚ್ಚಿದಂತೆ ಗಾಳಿಯ ತಡೆ ಬಹಳ ಬೇಗ ಹೆಚ್ಚುತ್ತದೆ.

ಈ 85 ಕಿ.ಮೀ.ಯನ್ನು ಮೂರು ಊರುಗಳ ನಡುವೆ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಸಿಂಧನೂರಿನಿಂದ ಮಸ್ಕಿಗೆ, ಅಥವಾ ಲಿಂಗಸುಗೂರಿನಿಂದ ಮಸ್ಕಿಗೆ ಹೋಗಿ ಬರಲು 60 ಕಿ.ಮೀ. ಒಳಗೆ ಸಾಕು. ಲಿಂಗಸುಗೂರಿನಿಂದ ಹಟ್ಟಿಗೆ ಹೋಗಿ ಬರುವುದು ಅದಕ್ಕಿಂತಲೂ ಕಡಿಮೆ. ಇವೆಲ್ಲ ಒಂದು ಚಾರ್ಜಿನಲ್ಲಿ ಆಗುವ ಕೆಲಸ. ಆದರೆ ಸಿಂಧನೂರು-ಲಿಂಗಸುಗೂರು ಹೋಗಿ ಬರುವ 110 ಕಿ.ಮೀ. ಆಗದು. ದಾರಿಯಲ್ಲಿ ನಿಲ್ಲಬಾರದೆಂದು 15 ಕಿ.ಮೀ. ಕೈಯಲ್ಲಿಟ್ಟುಕೊಂಡರೆ ಇನ್ನೂ 40 ಕಿ.ಮೀ.ಯಷ್ಟು ಚಾರ್ಜನ್ನು ಲಿಂಗಸುಗೂರಿನಲ್ಲಿ ಅಥವಾ ಮಸ್ಕಿಯಲ್ಲಿ ತುಂಬಿಕೊಳ್ಳಬೇಕು. ಗಾಡಿಯೊಂದಿಗೆ ಬರುವ 750 ವ್ಯಾಟ್ ಚಾರ್ಜರ್ ಗಂಟೆಗೆ ಸುಮಾರು 16 ಕಿ.ಮೀ.ಗೆ ಸಾಲುವಷ್ಟು ತುಂಬುತ್ತದೆ. ಅಂದರೆ ಎರಡೂವರೆ ಗಂಟೆಯ ನಿಲುಗಡೆ. ಲಿಂಗಸುಗೂರಿನಲ್ಲಿ ಸ್ವಂತ ಶಾಖೆಯೋ ಬೀಗರ ಮನೆಯೋ ನಂಬಿಕೆಯ ಅಂಗಡಿಯೋ ಇದ್ದು, ಅಷ್ಟು ಹೊತ್ತು ಅಲ್ಲಿ ಕೆಲಸವೂ ಇದ್ದರೆ ಇದು ಸಾಧ್ಯ. ಇಲ್ಲವಾದರೆ ಪೆಟ್ರೋಲ್ ಗಾಡಿಯೇ ಲೇಸು.

ಇನ್ನೊಂದು ವಿಷಯವನ್ನು ಹೊಸಬರು ಮರೆಯುತ್ತಾರೆ. ನಾಲ್ಕೈದು ವರ್ಷ ದುಡಿದ ಬ್ಯಾಟರಿ ಮೊದಲಿನ ಶೇ. 80ರಷ್ಟನ್ನೇ ಹಿಡಿದರೂ ಆಶ್ಚರ್ಯವಿಲ್ಲ. ಆಗ 85 ಕಿ.ಮೀ. ಎಂಬುದು 68ಕ್ಕೆ ಇಳಿಯುತ್ತದೆ. ಸಿಂಧನೂರು-ಮಸ್ಕಿ ಓಡಾಟ ಆಗಲೂ ಸಾಧ್ಯ, ಆದರೆ ನಡುವೆ ಒಂದು ಹಳ್ಳಿಗೆ ತಿರುಗಿ ಬರುವ ಅವಕಾಶ ಉಳಿಯದು. ಆದ್ದರಿಂದ ಕೊಳ್ಳುವಾಗಲೇ ಐದನೆಯ ವರ್ಷದ ಬ್ಯಾಟರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಗಾತ್ರವನ್ನು ಆರಿಸಬೇಕು. ಒಟ್ಟಾರೆ ದಿನಕ್ಕೆ 25ರಿಂದ 60 ಕಿ.ಮೀ.ವರೆಗೆ, ಬಹುತೇಕ ಒಂದೇ ದಾರಿಯಲ್ಲಿ ಓಡಾಡಿ ರಾತ್ರಿ ಮನೆಗೆ ಮರಳುವವರೇ ಈ ಗಾಡಿಗೆ ತಕ್ಕ ಗಿರಾಕಿಗಳು.

ಚಾರ್ಜು ಮಾಡುವುದೆಲ್ಲಿ?

ಕರ್ನಾಟಕದಲ್ಲಿ 5,000ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿವೆಯಾದರೂ ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರದಲ್ಲಿಯೇ ಇವೆ. ಕಲ್ಯಾಣ ಕರ್ನಾಟಕದ ತಾಲ್ಲೂಕು ಕೇಂದ್ರದ ಮಾಲೀಕನಿಗೆ ಮನೆಯ ಗೋಡೆಯ ಸಾಕೆಟ್ಟೇ ಪೆಟ್ರೋಲ್ ಬಂಕು. ಆದುದರಿಂದ ಗಾಡಿ ನೋಡುವ ಮೊದಲು ಸಾಕೆಟ್ ನೋಡುವುದು ವಿವೇಕ.

ಹಳೆಯ ಮನೆಗಳಲ್ಲಿ ಮತ್ತು ಬಾಡಿಗೆ ಮಳಿಗೆಗಳಲ್ಲಿ ಅರ್ಥಿಂಗ್ ಸರಿಯಾಗಿರುವುದಿಲ್ಲ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅದು ಇನ್ನಷ್ಟು ದುರ್ಬಲವಾಗುತ್ತದೆ. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ, 15 ಆಂಪಿಯರ್ ಸಾಕೆಟ್ಟಿಗೆ ಪ್ರತ್ಯೇಕ ತಂತಿ ಎಳೆಸಿ, ಎಂ.ಸಿ.ಬಿ. ಮತ್ತು ಸೋರಿಕೆ ಕಂಡರೆ ಕಡಿತಗೊಳಿಸುವ ಆರ್.ಸಿ.ಸಿ.ಬಿ. ಹಾಕಿಸಬೇಕು. ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ಕಿಟಕಿಯಿಂದ ವೈರು ಇಳಿಬಿಡುವುದು, ನಿಚ್ಚಣಿಕೆಯ ಕೆಳಗೆ ಅಥವಾ ಮನೆಯಿಂದ ಹೊರಬರುವ ಒಂದೇ ಬಾಗಿಲಿನಲ್ಲಿ ಗಾಡಿ ನಿಲ್ಲಿಸಿ ಚಾರ್ಜು ಹಚ್ಚುವುದು, ಚೀಲ, ರಟ್ಟು, ಹತ್ತಿ, ಕ್ರಿಮಿನಾಶಕಗಳಿರುವ ಗೋದಾಮಿನಲ್ಲಿ ರಾತ್ರಿಯಿಡೀ ಬಿಡುವುದು, ಇವು ಯಾವುವೂ ಸಲ್ಲವು.

ಬಿಲ್ಲಿನ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ಟುಗಳು ನಿಗದಿಯಾಗಿವೆ. ಅದನ್ನು ಮೀರಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನೇ ಕಟ್ಟಬೇಕು. ದಿನಕ್ಕೆ 30 ಕಿ.ಮೀ. ಓಡುವ ಗಾಡಿ ತಿಂಗಳಿಗೆ ಸುಮಾರು 36 ಯೂನಿಟ್, 60 ಕಿ.ಮೀ. ಓಡುವುದು ಸುಮಾರು 72 ಯೂನಿಟ್ ಬಳಸುತ್ತದೆ. ಈಗಾಗಲೇ 180 ಯೂನಿಟ್ ಉರಿಸುವ ಮನೆಗೆ ಗಾಡಿ ಬಂದರೆ ಬಳಕೆ 216ಕ್ಕೆ ಏರಿ, ಶೂನ್ಯವಿದ್ದ ಬಿಲ್ಲು ಒಂದೂವರೆ ಸಾವಿರ ರೂಪಾಯಿಯ ಹತ್ತಿರಕ್ಕೆ ಬರಬಹುದು. ಅಂಥವರಿಗೆ ಅಂಗಡಿಯ ಮೀಟರಿನಲ್ಲಿ ಚಾರ್ಜು ಮಾಡುವುದೇ ಲಾಭದಾಯಕ. ವಾಣಿಜ್ಯ ದರ ಸ್ವಲ್ಪ ಹೆಚ್ಚಾದರೂ ಒಟ್ಟು ಖರ್ಚು ಕಡಿಮೆಯಾಗುತ್ತದೆ. ಕಳೆದ ಹನ್ನೆರಡು ತಿಂಗಳ ಜೆಸ್ಕಾಂ ಬಿಲ್ಲುಗಳನ್ನು ತೆಗೆದು ನೋಡಿದರೆ, ಅದರಲ್ಲಿಯೂ ಫ್ಯಾನು, ಕೂಲರ್ ಓಡುವ ಏಪ್ರಿಲ್-ಮೇ ತಿಂಗಳ ಬಿಲ್ಲುಗಳನ್ನು ನೋಡಿದರೆ, ಉತ್ತರ ದೊರೆಯುತ್ತದೆ. ಕೃಷಿ ಪಂಪ್‌ಸೆಟ್ಟಿನ ಮಾರ್ಗದಿಂದ ಚಾರ್ಜು ಮಾಡುವುದು ನಿಯಮಕ್ಕೂ ವಿರುದ್ಧ, ಚಾರ್ಜರಿಗೂ ಹಾನಿ.

ಬಿಸಿಲು, ಎರೆಮಣ್ಣು, ನೀರು

ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಹೊಸತಲ್ಲ. ಲಿಥಿಯಂ ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ತಗುಲಿದ ಬಳಿಕ ಕೇಂದ್ರ ಸರ್ಕಾರವು ಎ.ಐ.ಎಸ್. 156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿತು. ಅದು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಎಂದು ಎರಡು ಹಂತಗಳಲ್ಲಿ ಜಾರಿಗೆ ಬಂದಿತು. ಅದಕ್ಕೆ ಮೊದಲು ತಯಾರಾದ ಹಳೆಯ ದಾಸ್ತಾನಿನ ಗಾಡಿಯನ್ನು ಅಥವಾ ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಅಗ್ಗವಾಗಿ ಕೊಳ್ಳುವವರು ತಯಾರಿಕೆಯ ತಿಂಗಳನ್ನು ನೋಡಿಕೊಳ್ಳುವುದು ಅವಶ್ಯ.

ಲಿಥಿಯಂ ಬ್ಯಾಟರಿಗಳಲ್ಲಿ ನಿಕಲ್ ಆಧಾರಿತವಾದವು ಹಗುರ. ಅದೇ ತೂಕದಲ್ಲಿ ಹೆಚ್ಚು ದೂರ ಓಡುತ್ತವೆ. ಕಬ್ಬಿಣದ ಫಾಸ್ಫೇಟ್ ಆಧಾರಿತವಾದ, ಎಲ್.ಎಫ್.ಪಿ. ಎಂದು ಕರೆಯಲಾಗುವ ಬ್ಯಾಟರಿಗಳು ತುಸು ಭಾರವಾದರೂ ಬಿಸಿಯನ್ನು ಹೆಚ್ಚು ತಡೆಯುತ್ತವೆ, ಹೆಚ್ಚು ಸಲ ಚಾರ್ಜಿಗೆ ಬಾಳುತ್ತವೆ. ಈ ಭಾಗದ ಹವೆಗೆ ಎರಡನೆಯದು ಹೆಚ್ಚು ಹೊಂದುತ್ತದೆ.

ನಿತ್ಯದ ಬಳಕೆಯಲ್ಲಿ ಪಾಲಿಸಬೇಕಾದ ಕ್ರಮಗಳು ಸರಳವಾಗಿವೆ. ಮಧ್ಯಾಹ್ನ ದೂರದಿಂದ ಬಂದ ಕೂಡಲೇ ಚಾರ್ಜಿಗೆ ಹಚ್ಚದೆ ಅರ್ಧ-ಮುಕ್ಕಾಲು ಗಂಟೆ ನೆರಳಿನಲ್ಲಿ ತಣಿಯಲು ಬಿಡಬೇಕು. ತಗಡಿನ ಶೆಡ್ಡಿನ ಕೆಳಗಿಗಿಂತ ಬೇವಿನ ಮರದ ನೆರಳು ಮೇಲು. ದಿನವೂ ಪೂರ್ತಿ ಬರಿದಾಗಿಸುವುದು, ದಿನವೂ ನೂರಕ್ಕೆ ನೂರು ತುಂಬಿ ಬಿಸಿಲಲ್ಲಿ ನಿಲ್ಲಿಸುವುದು ಎರಡೂ ಬ್ಯಾಟರಿಯ ಆಯುಷ್ಯವನ್ನು ಕಡಿಮೆ ಮಾಡುತ್ತವೆ, ಶೇ. 20ರಿಂದ 80ರ ನಡುವೆ ಇಟ್ಟುಕೊಂಡು, ದೂರ ಹೋಗುವ ದಿನ ಮಾತ್ರ ಪೂರ್ತಿ ತುಂಬುವುದು ಒಳ್ಳೆಯ ರೂಢಿ. ಸೀಸದ ಬ್ಯಾಟರಿಗೆ ಈ ಮಾತು ಅನ್ವಯಿಸದು. ಅದನ್ನು ಸದಾ ತುಂಬಿಯೇ ಇಡಬೇಕು.

ಮಳೆಗಾಲದಲ್ಲಿ ಎರೆಮಣ್ಣು ಗಾಲಿ ಮತ್ತು ಮಡ್‌ಗಾರ್ಡಿನ ನಡುವೆ ಅಂಟಿಕೊಂಡು ಮೋಟಾರಿಗೆ ಶ್ರಮ ಕೊಡುತ್ತದೆ. ಗದ್ದೆಯ ಬದುವಿನ ದಾರಿಯಲ್ಲಿ ನಿತ್ಯ ಓಡಾಡುವವರು ನೆಲದಿಂದ ಎತ್ತರ ಮತ್ತು ದೊಡ್ಡ ಗಾಲಿಗಳಿರುವ ಮಾದರಿಯನ್ನೇ ಆರಿಸಬೇಕು. ಕೆಸರು ತೊಳೆಯಲು ವಾಟರ್ ಸರ್ವಿಸಿನ ಜೋರು ನೀರನ್ನು ಬ್ಯಾಟರಿ, ಕನೆಕ್ಟರ್ ಮತ್ತು ಚಾರ್ಜಿಂಗ್ ಬಾಯಿಯ ಮೇಲೆ ಬಿಡಕೂಡದು.

ದುರಸ್ತಿ ಯಾರು ಮಾಡುವರು?

ಪೆಟ್ರೋಲ್ ಬೈಕು ಕೆಟ್ಟರೆ ಮಸ್ಕಿಯ ಯಾವುದೇ ಮೆಕ್ಯಾನಿಕ್ ಅಂಗಡಿಯಲ್ಲಿ ಸಂಜೆಯೊಳಗೆ ಸರಿಯಾಗುತ್ತದೆ. ವಿದ್ಯುತ್ ಗಾಡಿಯ ಟಯರು, ಬ್ರೇಕು, ಬೇರಿಂಗುಗಳನ್ನು ಅದೇ ಮೆಕ್ಯಾನಿಕ್ ನೋಡಬಲ್ಲ. ಆದರೆ ಕಂಟ್ರೋಲರ್, ಬ್ಯಾಟರಿಯ ನಿಯಂತ್ರಣ ಫಲಕ, ಸಾಫ್ಟ್‌ವೇರ್ ದೋಷಗಳಿಗೆ ಕಂಪನಿಯ ತಂತ್ರಜ್ಞನೇ ಬೇಕು. ಸಿಂಧನೂರಿನಿಂದ ರಾಯಚೂರು ಮತ್ತು ಬಳ್ಳಾರಿ ಎರಡೂ ಹೆಚ್ಚುಕಡಿಮೆ 80 ಕಿ.ಮೀ. ಅಥವಾ ಅದಕ್ಕೂ ದೂರ. ನಿಂತ ಗಾಡಿಯನ್ನು ಟಾಟಾ ಏಸ್‌ನಲ್ಲಿ ಹೇರಿಕೊಂಡು ಒಮ್ಮೆ ಹೋಗಿ ಬಂದರೆ ಕೆಲವು ತಿಂಗಳ ಪೆಟ್ರೋಲ್ ಉಳಿತಾಯ ಅಲ್ಲಿಗೆ ಮುಗಿಯುತ್ತದೆ. ಬಿಡಿಭಾಗಕ್ಕಾಗಿ ಎರಡು ವಾರ ಕಾಯಬೇಕಾಗಿ ಬಂದರೆ ನಷ್ಟ ವ್ಯಾಪಾರಕ್ಕೆ. ಆದಕಾರಣ ಐದಾರು ಸಾವಿರ ರೂ. ಕಡಿಮೆಯಾಯಿತೆಂದು ದೂರದ ಊರಿನ ಮಾರಾಟಗಾರರಲ್ಲಿ ಕೊಳ್ಳುವುದಕ್ಕಿಂತ, ತಮ್ಮ ಊರಿನಲ್ಲಿ ಸೇವಾ ವ್ಯವಸ್ಥೆ ಇರುವ ಕಂಪನಿಯ ಗಾಡಿಯನ್ನು ಕೊಳ್ಳುವುದು ಲಾಭಕರ.

ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ ಮೂರು ವರ್ಷಕ್ಕಿರುತ್ತದೆ; ಹೆಚ್ಚು ಹಣ ಕೊಟ್ಟರೆ ಎಂಟು ವರ್ಷದವರೆಗೂ ವಿಸ್ತರಿಸುವ ಕಂಪನಿಗಳಿವೆ. ವರ್ಷ ಎಷ್ಟು ಎಂಬುದಕ್ಕಿಂತ, ಎಷ್ಟು ಶೇಕಡಾಕ್ಕಿಂತ ಕೆಳಗೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬ ಷರತ್ತು ಮುಖ್ಯ. ಸ್ಥಳೀಯವಾಗಿ ಬ್ಯಾಟರಿ ಬಿಚ್ಚಿಸಿದರೆ, ಬೇರೆ ಚಾರ್ಜರ್ ಬಳಸಿದರೆ ವಾರಂಟಿ ರದ್ದಾಗುತ್ತದೆ. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯು 2018ರ ಸೆಪ್ಟೆಂಬರ್‌ನಿಂದ ಕಡ್ಡಾಯವಾಗಿದೆ. ಅದರ ಜೊತೆಗೆ ಸ್ವಂತ ಗಾಡಿಯ ಹಾನಿಗೆ ಮಾಡಿಸುವ ವಿಮೆಯಲ್ಲಿ ಬ್ಯಾಟರಿಯ ಕಳವು ಮತ್ತು ನೀರಿನ ಹಾನಿ ಸೇರಿದೆಯೇ ಎಂದು ಓದಿ ನೋಡಬೇಕು.

ಸಹಾಯಧನ ಮತ್ತು ತೆರಿಗೆ

ಸಹಾಯಧನವನ್ನು ನಂಬಿ ಬೆಲೆಯನ್ನು ಲೆಕ್ಕ ಹಾಕುವ ಕಾಲ ಮುಗಿಯುತ್ತ ಬಂದಿದೆ. ಕೇಂದ್ರದ ಫೇಮ್-2 ಯೋಜನೆಯಲ್ಲಿ 2021ರ ಜೂನ್‌ನಿಂದ ಬ್ಯಾಟರಿಯ ಪ್ರತಿ ಯೂನಿಟ್ಟಿಗೆ 15,000 ರೂ. ದೊರೆಯುತ್ತಿತ್ತು. 2023ರ ಜೂನ್‌ನಲ್ಲಿ ಅದು 10,000ಕ್ಕೆ ಇಳಿಯಿತು. 2024ರ ಮಾರ್ಚ್‌ಗೆ ಯೋಜನೆಯೇ ಮುಗಿಯಿತು. 2024ರ ಅಕ್ಟೋಬರ್‌ನಲ್ಲಿ ಬಂದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಮೊದಲು ಯೂನಿಟ್ಟಿಗೆ 5,000 ರೂ., 2025-26ರಲ್ಲಿ 2,500 ರೂ. ಮಾತ್ರ, ಅದೂ ಒಂದು ಗಾಡಿಗೆ ಗರಿಷ್ಠ 5,000 ರೂ. ಎಂದು ನಿಗದಿಯಾಯಿತು. ಸಾಲದ ಬಡ್ಡಿಯ ಮೇಲೆ ಆದಾಯ ತೆರಿಗೆಯ 80 ಇ.ಇ.ಬಿ. ವಿನಾಯಿತಿ ದೊರೆಯುತ್ತಿದ್ದುದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಹಳೆಯ ಕರಪತ್ರ ತೋರಿಸಿ ಯಾರಾದರೂ ಈ ಮಾತುಗಳನ್ನಾಡಿದರೆ ನಂಬಬೇಕಿಲ್ಲ.

ವಿದ್ಯುತ್ ವಾಹನಗಳ ಮೇಲಿನ ಜಿ.ಎಸ್.ಟಿ. 2019ರ ಆಗಸ್ಟ್‌ನಿಂದ ಶೇ. 5. ಆದರೆ 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಪೆಟ್ರೋಲ್ ಬೈಕುಗಳ ತೆರಿಗೆಯು ಶೇ. 28ರಿಂದ 18ಕ್ಕೆ ಇಳಿದು, ಎರಡರ ಬೆಲೆಯ ಅಂತರ ಮತ್ತೆ ಹೆಚ್ಚಿದೆ. ಜನ ಓಡಾಡಲು ಬಳಸುವ ದ್ವಿಚಕ್ರ ಮೋಟಾರು ವಾಹನದ ಮೇಲೆ ಕಟ್ಟಿದ ಜಿ.ಎಸ್.ಟಿ.ಗೆ ವರ್ತಕರು ಸಾಮಾನ್ಯವಾಗಿ ಇನ್‌ಪುಟ್ ಜಮೆ ಪಡೆಯುವಂತಿಲ್ಲ. ಸರಕು ಸಾಗಿಸುವ ವಿದ್ಯುತ್ ತ್ರಿಚಕ್ರ ವಾಹನಕ್ಕಾದರೆ ಪಡೆಯಬಹುದು. ದಿನವೂ ಚೀಲಗಟ್ಟಲೆ ಸರಕು ಮುಟ್ಟಿಸುವ ಕಿರಾಣಿ ಸಗಟು ವರ್ತಕರು ಬೈಕಿನ ಬದಲು ಅಂಥ ಗಾಡಿಯನ್ನು ತಮ್ಮ ಲೆಕ್ಕಪರಿಶೋಧಕರೊಂದಿಗೆ ಕುಳಿತು ಪರಿಶೀಲಿಸುವುದು ಸೂಕ್ತ.

ವರ್ತಕರಿಗೆ ಒಂದು ಅವಕಾಶ

ಕೊಳ್ಳುವವರ ಕೊರತೆಯೇ ವ್ಯಾಪಾರಿಯ ಅವಕಾಶ. ವಾಹನಕ್ಕೆ ಚಾರ್ಜು ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಪರವಾನಗಿ ಬೇಡ ಎಂದು ಕೇಂದ್ರ ಇಂಧನ ಸಚಿವಾಲಯವು 2018ರ ಏಪ್ರಿಲ್‌ನಲ್ಲಿಯೇ ಸ್ಪಷ್ಟಪಡಿಸಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಚಾರ್ಜಿಂಗ್ ಕೇಂದ್ರಗಳಿಗೆ ಪ್ರತ್ಯೇಕ ದರವನ್ನೂ ನಿಗದಿಪಡಿಸಿದೆ. ದ್ವಿಚಕ್ರ ವಾಹನಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಸರಿಯಾದ ಅರ್ಥಿಂಗ್ ಇರುವ 15 ಆಂಪಿಯರಿನ ನಾಲ್ಕು ಸಾಕೆಟ್, ಪ್ರತ್ಯೇಕ ಮೀಟರು, ನೆರಳು ಇಷ್ಟಿದ್ದರೆ ಆರಂಭಿಸಬಹುದು. ಎರಡು ಊರುಗಳ ನಡುವಿನ ಮಸ್ಕಿಯಲ್ಲಿ ಖಾನಾವಳಿ ಅಥವಾ ಹೋಟೆಲ್ ನಡೆಸುವವರು ಇಂಥ ವ್ಯವಸ್ಥೆ ಮಾಡಿದರೆ ಮೇಲೆ ಹೇಳಿದ ಎರಡೂವರೆ ಗಂಟೆಯ ನಿಲುಗಡೆ ಅವರ ಗಲ್ಲಾಪೆಟ್ಟಿಗೆಗೆ ಬರುತ್ತದೆ, ಸಿಂಧನೂರು-ಲಿಂಗಸುಗೂರು ದಾರಿಯೂ ವಿದ್ಯುತ್ ಗಾಡಿಗೆ ತೆರೆಯುತ್ತದೆ. ಹಾಗೆಯೇ ಕೈಗಾರಿಕಾ ತರಬೇತಿ ಸಂಸ್ಥೆಗಳಿಗಾಗಿ ವಿದ್ಯುತ್ ವಾಹನ ಮೆಕ್ಯಾನಿಕ್ ಎಂಬ ಪ್ರತ್ಯೇಕ ವೃತ್ತಿ ತರಬೇತಿ ರೂಪುಗೊಂಡಿದೆ. ಬೈಕ್ ದುರಸ್ತಿ ಅಂಗಡಿಯವರು ತಮ್ಮ ಮಕ್ಕಳಿಗೆ, ಕೆಲಸಗಾರರಿಗೆ ಈ ವಿದ್ಯೆ ಕಲಿಸಿದರೆ ಮುಂದಿನ ಹತ್ತು ವರ್ಷದ ವೃತ್ತಿ ಕೈಯಲ್ಲಿರುತ್ತದೆ.

ಹಣ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಬ್ಯಾಟರಿ ಎಷ್ಟು ಯೂನಿಟ್ಟಿನದು, ಯಾವ ಬಗೆಯದು, ತಯಾರಾದ ತಿಂಗಳು ಯಾವುದು?

2. ಬ್ಯಾಟರಿಯನ್ನು ಹೊಸದಾಗಿ ಹಾಕಿಸಿದರೆ ಇಂದಿನ ಬೆಲೆ ಎಷ್ಟು? ಅದನ್ನು ಬರವಣಿಗೆಯಲ್ಲಿ ಕೊಡುವರೇ?

3. ಶೇಕಡಾ ಎಷ್ಟಕ್ಕೆ ಇಳಿದರೆ ವಾರಂಟಿಯಲ್ಲಿ ಬದಲಿಸುವರು?

4. ಚಾರ್ಜರ್, ಸಾಫ್ಟ್‌ವೇರ್, ನೋಂದಣಿ, ತೆರಿಗೆ, ವಿಮೆ ಎಲ್ಲ ಹೇಳಿದ ಬೆಲೆಯಲ್ಲಿ ಸೇರಿವೆಯೇ?

5. ಕಂಟ್ರೋಲರ್ ಕೆಟ್ಟರೆ ಯಾವ ಊರಿನಲ್ಲಿ, ಎಷ್ಟು ದಿನದಲ್ಲಿ ಸರಿಪಡಿಸುವರು? ಈಗಾಗಲೇ ಕೊಂಡವರು ಊರಲ್ಲಿ ಯಾರಿದ್ದಾರೆ?

6. ಇಬ್ಬರು ಕುಳಿತು ಸಿಂಧನೂರಿನಿಂದ ಮಸ್ಕಿಗೆ ಹೋಗಿ ಬರಲು ಗಾಡಿಯನ್ನು ಪರೀಕ್ಷೆಗೆ ಕೊಡುವರೇ?

ಕೊನೆಯ ಪ್ರಶ್ನೆಗೆ ಒಪ್ಪದ ಮಾರಾಟಗಾರರು ಹೇಳುವ ದೂರವನ್ನು ಒಪ್ಪುವ ಅಗತ್ಯ ಗಿರಾಕಿಗೂ ಇಲ್ಲ.

ವಿದ್ಯುತ್ ಬೈಕಿನ ಉಳಿತಾಯ ಸುಳ್ಳಲ್ಲ; ಆದರೆ ಅದು ಗಾಡಿಯಲ್ಲಿಲ್ಲ, ಅದನ್ನು ಓಡಿಸುವ ದಾರಿಯಲ್ಲಿದೆ. ಆದ್ದರಿಂದ ಶೋರೂಮಿಗೆ ಹೋಗುವ ಮೊದಲು ಈಗಿರುವ ಗಾಡಿಯ ಮೀಟರನ್ನು ಪ್ರತಿ ರಾತ್ರಿ ಅಂಗಡಿ ಮುಚ್ಚುವಾಗ ಒಂದು ತಿಂಗಳ ಕಾಲ ರೋಜುಕೀರ್ದಿಯ ಅಂಚಿನಲ್ಲಿ ಬರೆದಿಡುವುದು ಒಳ್ಳೆಯದು. ತಿಂಗಳ ಕೊನೆಗೆ ದಿನದ ಸರಾಸರಿ 25 ಕಿ.ಮೀ. ದಾಟಿದ್ದರೆ, ಅತ್ಯಂತ ದೂರ ಹೋದ ದಿನವೂ 60ರ ಆಸುಪಾಸಿನಲ್ಲಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಅದಕ್ಕಿಂತ ಕಡಿಮೆಯಿದ್ದರೆ ಹಳೆಯ ಗಾಡಿಯೇ ಇನ್ನೂ ಕೆಲವು ವರ್ಷ ದುಡಿಯಲಿ. ಉಳಿದ ಬಂಡವಾಳ ಅಂಗಡಿಯ ದಾಸ್ತಾನಿನಲ್ಲಿ ಇದಕ್ಕಿಂತ ಹೆಚ್ಚು ಗಳಿಸಿಕೊಡುತ್ತದೆ.